ನಿಮಗಿದು ಗೊತ್ತೆ? ಮಗುವಿನ ಭೇದಿಗೆಲ್ಲ ಆ್ಯಂಟಿಬಯೊಟಿಕ್ ಬೇಕಿಲ್ಲ
ಕೋಲ್ಕತ್ತ, ಕರಾಚಿ ಸೇರಿದಂತೆ ಏಷ್ಯಾ, ಆಫ್ರಿಕಾಗಳ ಏಳು ಕಡೆ ಐದು ವರ್ಷದೊಳಗಿನ ಮಕ್ಕಳ ತೀವ್ರ ಭೇದಿಯ ಮೂಲ ಹುಡುಕಿದ ದೊಡ್ಡ ಅಧ್ಯಯನವೊಂದರ ವರದಿ 2013ರಲ್ಲಿ ಬಂತು. ಹಸುಗೂಸುಗಳಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು ರೋಟಾವೈರಸ್. ವೈರಸ್ ಮೇಲೆ ಆ್ಯಂಟಿಬಯೊಟಿಕ್ ಆಟ ನಡೆಯುವುದೇ ಇಲ್ಲ. ಆದರೂ ಮಗು ನಾಲ್ಕು ಸಲ ನೀರುನೀರಾಗಿ ಭೇದಿ ಮಾಡಿತೆಂದರೆ ಮೆಡಿಕಲ್ ಶಾಪಿನಿಂದ ಸಿರಪ್ ಬಾಟಲಿ ಬಂದೇಬಿಡುತ್ತದೆ!

ಆ್ಯಂಟಿಬಯೊಟಿಕ್ ನಿಜಕ್ಕೂ ಬೇಕಾಗುವುದು ರಕ್ತಭೇದಿ ತರುವ ಶಿಗೆಲ್ಲಾದಂಥ ಬ್ಯಾಕ್ಟೀರಿಯಾಕ್ಕೆ. ಅದೋ ಮಹಾ ಕಿಲಾಡಿ. ಔಷಧಿಗೆ ಜಗ್ಗದ ಗುಣವನ್ನು ಕರುಳಿನಲ್ಲೇ ಇರುವ ಇ. ಕೋಲೈ ಬ್ಯಾಕ್ಟೀರಿಯಾದಿಂದ ಪಡೆದುಕೊಳ್ಳಬಲ್ಲದು ಎಂದು ಜಪಾನಿನ ವಿಜ್ಞಾನಿಗಳು 1950ರ ದಶಕದಲ್ಲೇ ಕಂಡುಕೊಂಡಿದ್ದರು. ಈಗ ಹಲವೆಡೆ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೊಟಿಕ್‌ಗೂ ಅದು ಬಗ್ಗುತ್ತಿಲ್ಲ.

ಸಾಮಾನ್ಯ ನೀರುಭೇದಿಗೆ ಒಆರ್‌ಎಸ್, ಜೊತೆಗೆ ವೈದ್ಯರು ಹೇಳಿದಷ್ಟು ಝಿಂಕ್ ಕೊಟ್ಟರಾಯಿತು. ಎದೆಹಾಲನ್ನಂತೂ ನಿಲ್ಲಿಸಲೇಬಾರದು.