ಗಿರಿಯ ನೀಲಿ, ಚಿತ್ರಗಾರನ ಸಂಯಮ

ಮಳೆಗಾಲದ ಮೋಡಗಳು ಚೆದುರಿ ಶರದೃತುವು ಕಾಲಿರಿಸಿತೆಂದರೆ, ಬೆಂಗಳೂರಿನ ಜಯನಗರ, ಬನಶಂಕರಿಗಳ ಛಾಯಾಚಿತ್ರಗಾರರ ಮನಸ್ಸು ಮಲೆನಾಡಿನತ್ತ ಹರಿಯುತ್ತದೆ. ನಡುರಾತ್ರಿಯಲ್ಲಿ ಹೊರಟವರು ಸುಮಾರು 250 ಕಿಲೋಮೀಟರು ಕ್ರಮಿಸಿ, ಬೆಳಗಾಗುವ ವೇಳೆಗೆ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದ ಅಡಿಯಲ್ಲಿರುತ್ತಾರೆ. ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಇಲ್ಲಿಯೇ ಇದೆ. ಮಳೆ ತೊಳೆದ ಗಾಳಿಯಲ್ಲಿ ಧೂಳಿಲ್ಲ. ಓರೆಯಾಗಿ ಬೀಳುವ ಎಳೆಬಿಸಿಲು ಕಣಿವೆಯ ಮಂಜಿಗೂ ಅತ್ತಿಗುಂಡಿಯಂತಹ ಹಳ್ಳಿಯ ಮಾಡುಗಳಿಗೂ ಆಕಾರ ಕೊಡುತ್ತದೆ. ತೋಟಕ್ಕೆ ಹೊರಟ ಹೆಣ್ಣುಮಕ್ಕಳನ್ನು ಕಂಡು, “ಒಂದು ಚಿತ್ರ ತೆಗೆಯಬಹುದೇ, ತಾಯಿ?” ಎಂದು ಕೇಳಿದವನಿಗೆ ನಗುಮುಖವೇ ದೊರೆಯುತ್ತದೆ.

2022ರ ಶರತ್ತಿನಲ್ಲಿ ಈ ಗಿರಿಶ್ರೇಣಿಯ ಇಳಿಜಾರುಗಳೇ ನೀಲಿಯಾದುವು. ಕುರಿಂಜಿ ಅರಳಿತ್ತು. ಸುದ್ದಿ ಹಬ್ಬಿ, ಕಿರಿದಾದ ಗಿರಿಮಾರ್ಗಗಳಲ್ಲಿ ಜನ ಕಿಕ್ಕಿರಿದರು.

ಈ ಗಿಡದ ಬಾಳು ವಿಚಿತ್ರ. ಕುರಿಂಜಿಯಲ್ಲಿ ಹಲವು ಜಾತಿಗಳುಂಟು. ಅವುಗಳಲ್ಲಿ ಹೆಸರಾಂತ ನೀಲಕುರಿಂಜಿಯು 12 ವರ್ಷಗಳಿಗೊಮ್ಮೆ ಹೂ ತಳೆದು, ಬೀಜ ಕಟ್ಟಿ, ಒಣಗಿ ಸಾಯುತ್ತದೆ. ಮುಂದಿನ ಪೀಳಿಗೆಗೆ ಅದು ಬಿಟ್ಟುಹೋಗುವ ಆಸ್ತಿ ನೆಲಕ್ಕುದುರಿದ ಬೀಜವೊಂದೇ. ಬೀಜ ಕಟ್ಟುವ ಮೊದಲೇ ಗೊಂಚಲನ್ನು ಕಿತ್ತರೆ, ಗಿಡಗಳನ್ನು ತುಳಿದರೆ, ಅಷ್ಟು ವರ್ಷಗಳ ತಪಸ್ಸು ಅಲ್ಲಿಗೇ ಮುಗಿಯಿತು.

ಬಲ್ಲ ಚಿತ್ರಗಾರನು ಕಾಲುದಾರಿಯನ್ನು ಬಿಟ್ಟಿಳಿಯುವುದಿಲ್ಲ. ದೂರದ ಹೂವನ್ನು ಮಸೂರದಿಂದಲೇ ಹತ್ತಿರಕ್ಕೆ ಕರೆಯುತ್ತಾನೆ. ಅವನ ಸಂಯಮದ ಫಲವನ್ನು 2034ರಲ್ಲಿ ಕಾಣಬೇಕು. ಅಂದು ಕ್ಯಾಮೆರಾ ಹಿಡಿಯುವ ಕೈ ಅವನ ಮಗಳದಾಗಿರಬಹುದು.