ಉಸಿರು ತಿರುಗಿಸುವ ಚಕ್ರ

‘ಅನ್ನ ಹೊಟ್ಟೆಯಲ್ಲಿ ಉರಿದು ಶಕ್ತಿಯಾಗುತ್ತದೆ ಅಂತ ಮೇಷ್ಟ್ರು ಹೇಳಿದರು. ಹಾಗಾದರೆ ಹೊಟ್ಟೆ ಯಾಕೆ ಸುಡೋದಿಲ್ಲ?’ ಎಂದು ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಾಳೆ. ಭೇಷ್! ‘ಊಟದ ಮುಂಚೆ ನೀರು ಕುಡೀಬೇಡ, ಜಠರಾಗ್ನಿ ಆರಿಹೋಗುತ್ತೆ’ ಎಂದು ಗದರುವ ಹಿರಿಯರಲ್ಲಿ ಎಷ್ಟು ಮಂದಿಗೆ ಈ ಸಂದೇಹ ಬಂದಿದೆಯೋ ಕಾಣೆ.

ಹೊಟ್ಟೆ, ಕರುಳುಗಳ ಪಾಲಿಗೆ ಬಂದಿರುವುದು ಅನ್ನವನ್ನು ಒಡೆದು ಸಕ್ಕರೆ ಮಾಡುವ ಕೆಲಸ. ಅದು ‘ಉರಿಯುವುದು’ ಬಹುಮಟ್ಟಿಗೆ ಜೀವಕೋಶಗಳೊಳಗಿನ ಮೈಟೋಕಾಂಡ್ರಿಯಗಳಲ್ಲಿ. ಒಲೆಯ ಕಟ್ಟಿಗೆಯಂತೆ ಇಲ್ಲೂ ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡು, ನೀರು. ಆದರೆ ಒಲೆಯಲ್ಲಿ ಎಲೆಕ್ಟ್ರಾನುಗಳು ಒಂದೇ ಏಟಿಗೆ ಆಮ್ಲಜನಕಕ್ಕೆ ಹೋಗಿ ಬೀಳುತ್ತವೆ. ಇಲ್ಲಿ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತ ಮೆಲ್ಲಗೆ ಇಳಿಯುತ್ತವೆ. ಆಗ ಬಿಡುಗಡೆಯಾಗುವ ಶಕ್ತಿ ಪ್ರೋಟಾನುಗಳನ್ನು ಒಂದು ಪೊರೆಯ ಆಚೆಗೆ ನೂಕುತ್ತದೆ.

ಆಚೆ ಗುಂಪುಗೂಡಿದ ಪ್ರೋಟಾನುಗಳು ಒಳಗೆ ಬರಲು ಹವಣಿಸುತ್ತವೆ. ಪೊರೆಯ ಎರಡು ಬದಿಗಳ ನಡುವಿನ ವ್ಯತ್ಯಾಸ ಸುಮಾರು 0.15 ವೋಲ್ಟ್. ಇಷ್ಟೇನಾ ಎನ್ನಬೇಡಿ. ಪೊರೆಯ ದಪ್ಪ ಬರೀ 5 ನ್ಯಾನೋಮೀಟರ್ ಆಸುಪಾಸು. ಭಾಗಿಸಿ ನೋಡಿ, ಮೀಟರಿಗೆ 3 ಕೋಟಿ ವೋಲ್ಟ್! ಗಾಳಿಯಲ್ಲಿ ಕಿಡಿ ಹಾರಲು ಇದರ ಹತ್ತನೇ ಒಂದು ಪಾಲು ಸಾಕು.

ಶರಾವತಿಯ ನೀರು ಟರ್ಬೈನು ತಿರುಗಿಸುವ ಹಾಗೆ, ವಾಪಸಾಗುವ ಪ್ರೋಟಾನುಗಳು ಎಟಿಪಿ ಸಿಂಥೇಸ್ ಎಂಬ ಚಕ್ರವನ್ನು ತಿರುಗಿಸುತ್ತವೆ. ನಮ್ಮಲ್ಲಿ 8 ಪ್ರೋಟಾನುಗಳಿಗೆ ಒಂದು ಸುತ್ತು, ಸುತ್ತಿಗೆ 3 ಎಟಿಪಿ ಅಣು, ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು. ಸ್ನಾಯು ಮಿಸುಕಲು, ನರ ಸುದ್ದಿ ಒಯ್ಯಲು ಖರ್ಚಾಗುವುದು ಈ ಎಟಿಪಿಯೇ. ಒಡೆದದ್ದನ್ನೇ ಮತ್ತೆ ಮತ್ತೆ ಜೋಡಿಸುತ್ತ ದಿನಕ್ಕೆ ನಾವು ತಯಾರಿಸುವ ಎಟಿಪಿ ಹತ್ತಿರ ಹತ್ತಿರ ನಮ್ಮ ಮೈತೂಕದಷ್ಟು!

ಪೀಟರ್ ಮಿಚೆಲ್ 1961ರಲ್ಲಿ ಈ ಪ್ರೋಟಾನುಗಳ ಮಾತೆತ್ತಿದಾಗ ಹೆಚ್ಚಿನವರು ಒಪ್ಪಲಿಲ್ಲ. ಹೊಟ್ಟೆಹುಣ್ಣಿನಿಂದ ಬಳಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಬಿಟ್ಟ ಆತ, ಕಾರ್ನ್‌ವಾಲಿನಲ್ಲಿ ಪಾಳುಬಿದ್ದ ಬಂಗಲೆಯೊಂದನ್ನು ದುರಸ್ತಿ ಮಾಡಿಸಿ ಅಲ್ಲೇ ಪ್ರಯೋಗಾಲಯ ತೆರೆದ. 1978ರಲ್ಲಿ ನೊಬೆಲ್ ಅವನನ್ನು ಹುಡುಕಿಕೊಂಡು ಬಂತು. ಯಂತ್ರ ನಿಜಕ್ಕೂ ತಿರುಗುತ್ತದೆ ಎಂದು ತರ್ಕಿಸಿದವರು ಅಮೆರಿಕದ ಪಾಲ್ ಬಾಯರ್. 1997ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ಕಣ್ಣಿಗೇ ತೋರಿಸಿದರು: ಯಂತ್ರದ ತಲೆಯನ್ನು ಗಾಜಿಗೆ ಅಂಟಿಸಿ, ಅಚ್ಚಿನ ತುದಿಗೆ ಹೊಳೆಯುವ ಆಕ್ಟಿನ್ ಎಳೆ ಕಟ್ಟಿ, ಎಟಿಪಿ ಉಣಿಸಿದರು. ಅಚ್ಚು ಹಿಮ್ಮುಖವಾಗಿ ತಿರುಗಿತು, ಸೂಕ್ಷ್ಮದರ್ಶಕದಡಿ ಎಳೆ ಸುತ್ತತೊಡಗಿತು. ಮಬ್ಬುಮಬ್ಬಾದ ಆ ವಿಡಿಯೋ ನೋಡಿ ನಾನು ಒಬ್ಬನೇ ಕೂತು ನಕ್ಕಿದ್ದೇನೆ. ಅದೇ ವರ್ಷ ಬಾಯರ್ ಅವರಿಗೂ, ಯಂತ್ರದ ರಚನೆ ಬಿಡಿಸಿದ ಜಾನ್ ವಾಕರ್ ಅವರಿಗೂ ನೊಬೆಲ್ ಪಾಲು ಸಿಕ್ಕಿತು.

ಪ್ರೋಟಾನುಗಳು ಚಕ್ರ ತಪ್ಪಿಸಿ ಪೊರೆಯಲ್ಲೇ ಸೋರಿದರೆ? ಎಟಿಪಿ ಆಗಬೇಕಾದ ಶಕ್ತಿ ಬರೀ ಬಿಸಿಯಾಗುತ್ತದೆ. ಎಳೆಗೂಸಿನ ಕಂದು ಕೊಬ್ಬಿನಲ್ಲಿ ಈ ಸೋರಿಕೆ ಹದವಾಗಿ ನಡೆದು ಮೈ ಬೆಚ್ಚಗಿರುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನೇ ಬಲವಂತವಾಗಿ ಮಾಡಿಸುವ ಡೈನೈಟ್ರೋಫೀನಾಲ್ ಎಂಬ ರಾಸಾಯನಿಕವನ್ನು ತೂಕ ಇಳಿಸುವ ಮದ್ದೆಂದು ಮಾರಿದರು. ತೂಕವೇನೋ ಇಳಿಯಿತು, ಕೆಲವರಿಗೆ ಕಣ್ಣಿಗೆ ಪೊರೆ ಬಂತು, ಕೆಲವರು ಮೈಕಾವೇರಿ ಸತ್ತರು. 1938ರಲ್ಲಿ ಸರ್ಕಾರ ಅದು ಮನುಷ್ಯರ ಬಳಕೆಗೆ ತಕ್ಕುದಲ್ಲ ಎಂದು ಸಾರಿತು.

ಆದರೂ ಇಂಟರ್ನೆಟ್ಟಿನಲ್ಲಿ ಇಂದಿಗೂ ಅದನ್ನು ಕದ್ದು ಮಾರುವವರಿದ್ದಾರೆ. ಜಿಮ್ಮಿಗೆ ಹೋಗುವ ಹುಡುಗರೇ, ‘ಫ್ಯಾಟ್ ಬರ್ನರ್’ ಎಂಬ ಹಣೆಪಟ್ಟಿ ಈ ಒಂದು ವಿಷದ ಮಟ್ಟಿಗೆ ಸುಳ್ಳಲ್ಲ. ಕೊಬ್ಬಿನ ಜೊತೆಗೆ ನೀವೂ ಬೇಯುತ್ತೀರಿ, ಮತ್ತು ಇದಕ್ಕೆ ಪ್ರತಿವಿಷ ಇಲ್ಲ.