ನಿಮಗಿದು ಗೊತ್ತೆ? ಸೂರ್ಯ ಮಂಕಾದರೆ ಭೂಮಿ ತಂಪಾದೀತೆ?

ಸೂರ್ಯನ ಮೈಮೇಲಿನ ಕಪ್ಪು ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ, ಮತ್ತೆ ಇಳಿಯುತ್ತವೆ; ಅವು ಕಡಿಮೆಯಾದಾಗ ಸೂರ್ಯ ತುಸು ಮಂಕು. ಆದರೆ 1645ರಿಂದ 1715ರವರೆಗೆ ಅವು ಕಂಡದ್ದೇ ಅಪರೂಪ. ಈ ಅವಧಿಗೆ ‘ಮೌಂಡರ್ ಕನಿಷ್ಠ’ ಎಂದು ಹೆಸರು.

ಅದೇ ಕಾಲದಲ್ಲಿ ಯುರೋಪ್ ಶೀತಕಾಲವೊಂದರ ಹಿಡಿತದಲ್ಲಿತ್ತು. 1683–84ರ ಚಳಿಗಾಲದಲ್ಲಂತೂ ಲಂಡನ್ನಿನ ಥೇಮ್ಸ್ ನದಿ ಹೆಪ್ಪುಗಟ್ಟಿ, ಅದರ ಮೇಲೆಯೇ ಅಂಗಡಿ ಸಾಲು, ಜಾತ್ರೆ! ಹಾಗಂತ ಎಲ್ಲವನ್ನೂ ಸೂರ್ಯನ ತಲೆಗೆ ಕಟ್ಟುವಂತಿಲ್ಲ. ಯುರೋಪಿನ ಆ ಶೀತಕಾಲ ಕಲೆಗಳು ಮರೆಯಾಗುವ ಮೊದಲೇ ಶುರುವಾಗಿತ್ತು. ಜ್ವಾಲಾಮುಖಿಗಳ ಪಾಲೂ ಅದರಲ್ಲಿತ್ತು. ಹಳೆಯ ಲಂಡನ್ ಸೇತುವೆಯ ಒತ್ತೊತ್ತಾದ ಕಮಾನುಗಳು ನೀರಿನ ಓಟ ತಡೆದು, ನದಿ ಹೆಪ್ಪುಗಟ್ಟಲು ನೆರವಾಗಿದ್ದವು.

ಅಂಥ ಕಾಲ ಮತ್ತೆ ಬಂದರೆ? ಜರ್ಮನಿಯ ವಿಜ್ಞಾನಿಗಳಾದ ಫಾಯ್ಲ್ನರ್ ಮತ್ತು ರಾಮ್‌ಸ್ಟಾರ್ಫ್ 2010ರಲ್ಲಿ ಹಾಕಿದ ಲೆಕ್ಕದಂತೆ, 2100ರ ಹೊತ್ತಿಗೆ ತಾಪ ಹೆಚ್ಚೆಂದರೆ 0.3 ಡಿಗ್ರಿ ಸೆಲ್ಸಿಯಸ್ ತಗ್ಗೀತು. ಕೈಗಾರಿಕಾ ಯುಗದಿಂದೀಚೆಗೆ ಈಗಾಗಲೇ ಏರಿರುವುದೇ 1 ಡಿಗ್ರಿಗಿಂತ ಹೆಚ್ಚು. ಸೂರ್ಯ ಚೇತರಿಸಿಕೊಂಡರೆ ಆ ಸಣ್ಣ ರಿಯಾಯಿತಿಯೂ ವಾಪಸ್.

ಇಳಿಕೆ ಇಷ್ಟು ಕಡಿಮೆ ಇರಲು ಕಾರಣ ಸರಳ: 11 ವರ್ಷದ ಚಕ್ರದಲ್ಲಿ ಸೂರ್ಯನ ಪ್ರಖರತೆ ಬದಲಾಗುವುದು ಶೇ 0.1ರಷ್ಟು ಮಾತ್ರ.



ಈಗಿನ ಬಿಸಿ ಏರಿಕೆಗೆ ಸೂರ್ಯ ಕಾರಣನಲ್ಲ ಎಂಬುದಕ್ಕೆ ಸುಳಿವು ವಾತಾವರಣದಲ್ಲೇ ಇದೆ. ಬಿಸಿ ಏರಿಕೆಗೆ ಸೂರ್ಯನೇ ಕಾರಣವಾಗಿದ್ದರೆ ಮೇಲಿನ ವಾಯುಸ್ತರವೂ ಕಾಯಬೇಕಿತ್ತು. ಅದು ತಣ್ಣಗಾಗುತ್ತಿದೆ, ಕೆಳಗಿನದು ಮಾತ್ರ ಕಾಯುತ್ತಿದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಆಗುವುದು ಹೀಗೆಯೇ.